ಯಾರೂ ಹೇಳದ ಕಾರಣ

ನಮ್ಮೂರನ್ನು ಮೊದಲು ಬಿಟ್ಟವನು ನಾಕಿಸೆಟ್ಟಿ. ಹಸಿರು ಕಲ್ಲು, ಹಕ್ಕಿಗರಿ ಮಾರುತ್ತಿದ್ದ ದೊಡ್ಡ ಕುಳ. ಮಳೆ ಬರುತ್ತಿಲ್ಲ ಎಂದು ಕಾರಣ ಹೇಳಿದ. ಅವನ ಅಂಗಳದ ಅಡಿಯ ತೊಟ್ಟಿಯಲ್ಲಿ, ಇಡೀ ಬೀದಿ ಒಂದು ಬೇಸಗೆ ಕುಡಿದರೂ ಮುಗಿಯದಷ್ಟು ನೀರು ಇತ್ತೆಂದು ಊರಿಗೆಲ್ಲ ಗೊತ್ತು. ಆದರೂ ಊರಬಾಗಿಲಲ್ಲಿ ಕೂತಿದ್ದ ಬೊಪ್ಪಣ್ಣ ಕಣ್ಣು ಮುಚ್ಚಿ ನೆನೆದು, "ಹೊಸದು" ಅಂದುಬಿಟ್ಟ. ಸೆಟ್ಟಿ ನಾಲ್ಕು ಹೆಜ್ಜೆ ನಡೆದು ಗಡಿಗಲ್ಲು ದಾಟಿ, ಪಲ್ಲಕ್ಕಿ ಹತ್ತಿದ. ಮಳೆಯಿಲ್ಲ ಅನ್ನುವ ಕಾರಣವನ್ನು ಊರಿನವರೆಲ್ಲರ ಬಾಯಿಂದ ಕಿತ್ತುಕೊಂಡು ಹೋದ. ಅವನು ಹೋದ ಮಧ್ಯಾಹ್ನ ನಾಲ್ಕು ಹನಿ ಬಿತ್ತು ಕೂಡ.

ನಾನು ದೇಕವ್ವ. ಬಾಗಿಲ ಪಕ್ಕದ ಗೋಡೆಗೆ ಹೊಂದಿಕೊಂಡು ನನ್ನ ಒಲೆ. ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ನೆನೆಸಿ, ರುಬ್ಬಿ, ರೊಟ್ಟಿ ಬಡಿದು, ದಾರಿ ಹಿಡಿದವರಿಗೆ ಬುತ್ತಿ ಕಟ್ಟಿ ಕೊಡುವುದು ನನ್ನ ಕಸುಬು. ಹಾಗಾಗಿ ಊರು ಬಿಟ್ಟವರು ಹೇಳಿದ್ದೆಲ್ಲ ನನ್ನ ಕಿವಿಗೂ ಬಿದ್ದಿದೆ. ಬೊಪ್ಪಣ್ಣನದು ಅಪ್ಪ ಅಜ್ಜನಿಂದ ಬಂದ ಕೆಲಸ, ಕೇಳಿ ನೆನಪಿಟ್ಟುಕೊಳ್ಳುವುದು. ನನ್ನದು ಬಿಟ್ಟಿ ಕೇಳಿಕೆ. ಅವನಿಗೂ ನನಗೂ ಬೆಳಗಿನಿಂದ ಬೈಗಿನ ತನಕ ಜಗಳ. "ದೇಕವ್ವ, ನಿನ್ ರೊಟ್ಟೀನ ಗುಡಿ ಕಟ್ಟೋರಿಗೆ ಕೊಡು, ಕಲ್ಲು ಉಳೀತದೆ" ಅನ್ನುವನು. "ತಿನ್ನೋಕೆ ಹಲ್ಲಿಲ್ದೋನಿಗೆ ಬಾಯಿ ಯಾಕಣ್ಣ ಇಷ್ಟುದ್ದ" ಅನ್ನುವೆನು. ಹೀಗೆ ಬೈದಾಡಿಕೊಂಡೇ ಇಬ್ಬರ ತಲೆಯೂ ನರೆಯಿತು.

ನಮ್ಮೂರ ನೀರು ಕುಡಿದವರು ಬಾಗಿಲಲ್ಲಿ ಎರಡರಲ್ಲಿ ಒಂದು ಮಾತು ಆಡಬೇಕು. "ಹೋಗಿ ಬರ್ತೀನಿ" ಅಂದವರು ಹೊತ್ತು ಮುಳುಗುವುದರೊಳಗೆ ಬಂದೇ ಬರುತ್ತಾರೆ. ಹೊಲಕ್ಕೆ, ಸೌದೆಗೆ ಹೋಗುವವರ ಮಾತು ಅದು. "ಹೋಗ್ತೀನಿ" ಅಂದವರು ಯಾಕೆಂದು ಹೇಳಬೇಕು, ಮತ್ತು ಆ ಕಾರಣ ಮೊದಲು ಯಾರೂ ಹೇಳಿದ್ದಾಗಿರಬಾರದು. ಹಳೆಯ ಕಾರಣ ಹೇಳಿ ಹೊರಟವರು ಬಾಗಿಲಿನಾಚೆಯ ಸುಣ್ಣ ಹಾಸಿದ ಬಿಳಿದಾರಿಯಲ್ಲಿ ನೆಟ್ಟಗೆ ನಡೆಯುತ್ತಾರೆ, ಎಲ್ಲಿಯೂ ತಿರುಗುವುದಿಲ್ಲ, ಆದರೂ ಸಂಜೆಗೆ ಆ ದಾರಿಯೇ ಅವರನ್ನು ನಮ್ಮ ಬಾಗಿಲಿಗೆ ತಂದು ಬಿಡುತ್ತದೆ. ತಲೆಯ ಮೇಲೆ ಗಂಟು ಹೊತ್ತು ಪೆಚ್ಚುಮುಖ ಹಾಕಿಕೊಂಡು ಬಂದವರನ್ನು ಕಂಡು ನೆರೆಯವರು, "ಊಟದ ಹೊತ್ತಿಗೆ ಸರಿಯಾಗಿ ಬಂದ್ರಲ್ಲ" ಎಂದು ನಗುವರು. ಹೆಸರು ಬದಲಿಸಿ, ಮಾತು ತಿರುಚಿ ಹೇಳಿದರೆ ನಡೆಯುವುದಿಲ್ಲ. ತಿರುಳು ಒಂದೇ ಆದರೆ ಕಾರಣವೂ ಒಂದೇ. ಕಾರಣ ಹೇಳಿದವರು ಹೊತ್ತದ್ದು, ಹೊರಿಸಿಕೊಂಡದ್ದು ಅವರ ಜೊತೆ ಹೋಗುತ್ತದೆ. ಹಾಗಾಗಿ ದೊಡ್ಡಮನೆಯವರು ಹೆಂಡಿರು ಮಕ್ಕಳನ್ನೆಲ್ಲ ಪಲ್ಲಕ್ಕಿಯಲ್ಲಿ ಕೂರಿಸಿ ಒಂದೇ ಕಾರಣದಲ್ಲಿ ಸಾಗಿಸಿದರು. ಹೊತ್ತ ಬೋಯಿಗಳು ಮಾತ್ರ ಬರಿಯ ಪಲ್ಲಕ್ಕಿ ಹೊತ್ತು ಸಂಜೆಗೆ ವಾಪಸು.

ಇನ್ನೊಂದು ಮಾತು. ಬಾಗಿಲು ನಿಜ ಸುಳ್ಳು ನೋಡುವುದಿಲ್ಲ. ಊರು ನೆಟ್ಟಗಿದ್ದ ಕಾಲದಲ್ಲಿ ಇದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಯಾರು ತಾನೆ ಬಿಟ್ಟು ಹೋಗುತ್ತಿದ್ದರು? ಮೋಡ ಮುಟ್ಟುವ ಮೆಟ್ಟಿಲುಗುಡಿಗಳು, ಚೆಂಡಾಟದ ಅಂಗಳ, ದೊರೆಗಳ ಮುಖ ಕೆತ್ತಿದ ನಿಲುಗಲ್ಲುಗಳು, ನಕ್ಷತ್ರ ನೋಡಿ ಬಿತ್ತನೆಯ ದಿನ ಹೇಳುವ ಜೋಯಿಸರು. ದೂರದೂರಿನವರು ಬಾಯಿ ಬಿಟ್ಟುಕೊಂಡು ನೋಡಿ ಹೋಗುತ್ತಿದ್ದರು. ಆದರೆ ಪಟ್ಟಕ್ಕೆ ಬಂದ ಒಬ್ಬೊಬ್ಬ ದೊರೆಗೂ ಅಪ್ಪನ ಗುಡಿಗಿಂತ ಎತ್ತರದ ಗುಡಿ ಬೇಕು, ಅದಕ್ಕೆ ಬೆಳ್ಳನೆಯ ಗಾರೆ ಬೇಕು. ಗಾರೆಗೆ ಸುಣ್ಣ, ಸುಣ್ಣ ಸುಡಲು ಮರ. ಒಂದು ಗುಡಿ ಬೆಳ್ಳಗಾಗಬೇಕಾದರೆ ಒಂದು ಗುಡ್ಡ ಬೋಳಾಗಬೇಕು ಎಂದು ನನ್ನ ಅವ್ವ ಹೇಳುತ್ತಿದ್ದಳು.

ನಾಕಿಸೆಟ್ಟಿಯ ಹಿಂದೆಯೇ ಹೊರಟವನು ಸುಣ್ಣದ ಭಟ್ಟಿಗಳ ಯಜಮಾನ. ಕಾಡು ಮುಗಿದು ಹೋಯಿತು ಎಂದ. ಮುಗಿಸಿದವನು ಅವನೇ. ಆಮೇಲೆ ದಂಡನಾಯಕ, ಪಕ್ಕದೂರಿನ ಜೊತೆ ಯುದ್ಧ ನಿಲ್ಲುತ್ತಿಲ್ಲ ಎಂದ. ಅವನು ಹೋಗಿ ಕೆಣಕದಿದ್ದರೆ ಆ ಪಕ್ಕದೂರಿನವರು ತಮ್ಮ ಪಾಡಿಗೆ ಕಳೆ ಕೀಳುತ್ತಿದ್ದರು. ದೇವರು ದೊರೆಯ ಮಾತು ಕೇಳುತ್ತಿಲ್ಲ ಎಂದು ಹೇಳಿ ಹೋದವನು, ಕೇಳುತ್ತಾನೆ ಕೇಳುತ್ತಾನೆ ಎಂದು ಇಪ್ಪತ್ತು ವರ್ಷ ನಮ್ಮ ಕಿವಿಯ ಮೇಲೆ ಹೂವಿಟ್ಟ ಜೋಯಿಸ. ಮಣ್ಣಿನಲ್ಲಿ ಸಾರವಿಲ್ಲ, ಜೋಳಕ್ಕೆ ಹುಳ ಬಿದ್ದಿದೆ, ವ್ಯಾಪಾರವೆಲ್ಲ ಸಮುದ್ರದ ಕಡೆ ಹೊರಳಿತು, ಊರಲ್ಲಿ ಉಣ್ಣುವ ಬಾಯಿ ಹೆಚ್ಚಾಯಿತು... ಒಳ್ಳೊಳ್ಳೆಯ ಕಾರಣಗಳೆಲ್ಲ ಪಲ್ಲಕ್ಕಿಯಲ್ಲಿ ಹೋದವು. ಮುಂದೆ ಎಂದಾದರೂ ಯಾರಾದರೂ ಬಂದು ಈ ಊರು ಯಾಕೆ ಹಾಳಾಯಿತು ಎಂದು ಕೇಳಿದರೆ ನಾನು ಏನು ಹೇಳಲಿ? ಎಲ್ಲವೂ ನಿಜ. ಹೇಳಿದವರು ಮಾತ್ರ ಅದರಲ್ಲಿ ಒಂದನ್ನೂ ಅನುಭವಿಸಿದವರಲ್ಲ.

ನೀರು ಕೆಟ್ಟಿದೆ ಎಂದವನು ಕೆರೆಯ ಮೇಲ್ವಿಚಾರಕ ಚಟ್ಟಯ್ಯ. ಅವನ ಮೇಲಿನ ಸಿಟ್ಟು ನನಗೆ ಸತ್ತರೂ ಹೋಗುವುದಿಲ್ಲ. ನಮ್ಮದು ಗಾರೆ ಬಳಿದ ದೊಡ್ಡ ಕೆರೆ, ತುಂಬ ನೈದಿಲೆ. ನೈದಿಲೆ ಇರುವ ತನಕ ನೀರು ಕನ್ನಡಿ. ಈ ದೊರೆಯ ಪಟ್ಟಾಭಿಷೇಕದ ಮೆರವಣಿಗೆಗೆ ಹೂವು ಬೇಕೆಂದು ಚಟ್ಟಯ್ಯ ಬೇರುಸಹಿತ ಎಲ್ಲ ಕಿತ್ತು ಹಾಕಿಸಿದ. ಗುಡಿಯ ಬಿಳಿ ಗಾರೆಯ ಮೇಲೆ ಬಳಿದ ಕೆಂಪು ಬಣ್ಣ ತೊಳೆದುಕೊಂಡು ಬಂದು ಕೆರೆಗೆ ಸೇರಿತು. ನೀರಿನ ಮೇಲೆ ಹಸಿರು ಕೆನೆಗಟ್ಟಿತು, ವಾಸನೆ ಶುರುವಾಯಿತು. ಚಟ್ಟಯ್ಯ ಮೂಗು ಮುಚ್ಚಿಕೊಂಡೇ ಬಾಗಿಲಿಗೆ ಬಂದು ಕಾರಣ ಹೇಳಿದ.

ಉಳಿದವರು ನಾವು, ಸಣ್ಣವರು. ನಮ್ಮ ಪಾಲಿಗೆ ಉಳಿದದ್ದು ಸಣ್ಣ ಸಣ್ಣ ಕಾರಣಗಳು. ಕುಂಬಾರ ಕೇತಣ್ಣ, "ನನ್ ಹೆಂಡ್ರು ಸಾರಿಗೆ ಉಪ್ಪು ಹಾಕೋದ ಮರೀತಾಳೆ, ಅದ್ಕೇ ಹೋಗ್ತೀನಿ" ಅಂದ. ಬೊಪ್ಪಣ್ಣ ನಗು ತಡೆದು, "ಹೊಸದು" ಅಂದ. ಹಿಂದೆಯೇ ಗಂಟು ಹೊತ್ತು ನಿಂತಿದ್ದ ಹೆಂಡತಿ, "ನನ್ ಗಂಡ ಮೂರು ಲೋಕದೆದ್ರು ನನ್ ಸಾರಿನ ಮಾನ ಕಳೆದ, ಅದ್ಕೆ ಹೋಗ್ತೀನಿ" ಅಂದಳು. ಅದೂ ಹೊಸದೇ. ಇಬ್ಬರೂ ಜೊತೆಯಲ್ಲಿ ನಗುತ್ತಾ ಹೋದರು. ಊರಿನಲ್ಲಿ ನಾನು ಕಂಡ ಕೊನೆಯ ನಗು ಅದು ಅಂತ ಕಾಣುತ್ತದೆ. ಬರಬರುತ್ತಾ ಜನ ಕಾರಣವನ್ನು ಬಿತ್ತನೆಯ ಬೀಜದಂತೆ ಬಚ್ಚಿಡಲು ಕಲಿತರು. ಅಣ್ಣ ತಮ್ಮಂದಿರು ಎದುರು ಬದುರು ಕೂತು ಉಂಡರೂ ಮಾತಿಲ್ಲ. ನೇಕಾರರ ಬೀದಿಯಲ್ಲಿ ಒಬ್ಬ ನಿದ್ದೆಯಲ್ಲಿ ಬಡಬಡಿಸಿದನಂತೆ. ಬೆಳಗ್ಗೆ ಎದ್ದು ನೋಡಿದರೆ ಹೆಂಡತಿಯೂ ಇಲ್ಲ, ಕಾರಣವೂ ಇಲ್ಲ.

ನನಗೆ ಹೋಗುವ ಆಸೆ ಇರಲಿಲ್ಲ. ಈ ವಯಸ್ಸಲ್ಲಿ ಎಲ್ಲಿ ಹೋಗಿ ಯಾರ ಒಲೆ ಹಚ್ಚಲಿ? ನನ್ನ ಚಿಂತೆಯೆಲ್ಲ ಮಾಳಿಯದು. ಮಾಳಿ ನನ್ನ ಒಬ್ಬಳೇ ಮಗಳು. ಅವಳ ಗಂಡನನ್ನು ದಂಡಿಗೆ ಹಿಡಿದುಕೊಂಡು ಹೋದರು, ಹೆಣವೂ ಬರಲಿಲ್ಲ. ಅವನು ಹೋದ ಮೇಲೆ ಹುಟ್ಟಿದ ಕೂಸು, ಹೆಣ್ಣು. ಕೆರೆ ತುಂಬಿದ ದಿನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಕೆರೆ ತುಂಬಲೇ ಇಲ್ಲ, ಹಾಗಾಗಿ ಅದು ಕೂಸಾಗಿಯೇ ಉಳಿಯಿತು. ದುಂಡಗಿದ್ದ ಕೂಸು ಆ ನೀರು ಹೊಟ್ಟೆಗೆ ಹೋದಂತೆ ಸೊರಗಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬುರುಡೆ.

ಸೂಲಗಿತ್ತಿ ಬಿಜ್ಜವ್ವ ಬಂದು ನಾಲಿಗೆ ನೋಡಿ, ಉಗುರು ನೋಡಿ, ನನ್ನನ್ನು ಹೊರಗೆ ಕರೆದಳು. "ಇದಕ್ಕೆ ಮದ್ದಿಲ್ಲ ಕಣ್ ದೇಕವ್ವ. ನೀರೇ ಇಸ ಆಗೈತೆ. ಮೇಲೂರಿಗೆ ಕರ್ಕೊಂಡ್ ಹೋಗಿ ಒರತೆ ನೀರು ಕುಡಿಸಿದ್ರೆ ಉಳ್ಕೋತದೆ. ತಡ ಮಾಡಬ್ಯಾಡಿ."

ಮಾರನೆಯ ದಿನವೇ ಮಾಳಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಾಗಿಲಿಗೆ ಬಂದಳು. ಬೊಪ್ಪಣ್ಣನೂ ಅವಳನ್ನು ಎತ್ತಿ ಆಡಿಸಿದವನೇ.

"ನೀರು ಕೆಟ್ಟೈತೆ ಮಾಮ, ಹೋಗ್ತೀನಿ" ಅಂದಳು.

"ಹಳೇದು ಕಣವ್ವ" ಅಂದ ಬೊಪ್ಪಣ್ಣ.

"ಕೂಸಿಗೆ ಕಾಯಿಲೆ."

ಬೊಪ್ಪಣ್ಣ ತಲೆ ತಗ್ಗಿಸಿದ. ಅದನ್ನು ಗರಿ ಮಾರುವ ಇನ್ನೊಬ್ಬ, ಕಲಿಸೆಟ್ಟಿ, ಹೇಳಿ ಹೋಗಿದ್ದ. ಅವನಿಗೆ ಮಕ್ಕಳೇ ಇರಲಿಲ್ಲ. ಸಾಕಿದ ಗಿಣಿಯೊಂದು ಮೇವು ಬಿಟ್ಟಿತ್ತು, ಅದನ್ನೇ ನನ್ನ ಕೂಸು ಎಂದಿದ್ದ. ಗಿಣಿಯ ಪಂಜರ ಹೊರಲು ಒಬ್ಬ ಆಳು ಬೇರೆ. ಗಂಡ ಸತ್ತ ಅಂದಳು ಮಾಳಿ. ದಂಡನಾಯಕನ ತಂಗಿ ಹೇಳಿದ್ದಳು. ಹಸಿವು ಅಂದಳು. ಅದನ್ನು ಹೇಳಿದವನ ಮೈತೂಕಕ್ಕೆ ಪಲ್ಲಕ್ಕಿಯ ಬೊಂಬು ಮುರಿದದ್ದು ನನಗೆ ನೆನಪಿದೆ. ಕೊನೆಗೆ ಮಾಳಿ, "ಇರ್ಲಿ, ನಡ್ದು ನೋಡ್ತೀನಿ" ಎಂದು ಹೊರಟೇ ಹೋದಳು. ಸಂಜೆ ಬಂದಳು. ಅವಳು ಬಿಳಿದಾರಿಯ ತುದಿಯಲ್ಲಿ ಕಂಡಾಗ ಯಾರೂ ಊಟದ ಮಾತು ಆಡಲಿಲ್ಲ.

ಆಮೇಲೆ ಅವ್ವ ಮಗಳು ಇಬ್ಬರೂ ಕೂತು ಕಾರಣ ಹೆಣೆದೆವು. ಸೊಳ್ಳೆ. ನೆರೆಮನೆಯವಳ ಗೊರಕೆ. ಒಂದೇ ತರದ ಮೋಡ ನೋಡಿ ಬೇಸರ. ಏನು ತಂದರೂ ಯಾರೋ ತಂದಾಗಿತ್ತು. "ನಮ್ಮವ್ವನ ಬಾಯಿ ತಡಿಯಕ್ಕಾಗಲ್ಲ" ಎಂದು ಮಾಳಿ ಒಂದು ದಿನ ಹೇಳಿ ನೋಡಿದಳು. ಬೊಪ್ಪಣ್ಣ ನನ್ನ ಕಡೆ ಓರೆಗಣ್ಣು ಬಿಟ್ಟು, "ಇದು ನಿಜವಾದ ಕಾರಣ. ಆದ್ರೆ ಊರಲ್ಲಿ ಬಾಯಿರೋ ಅವ್ವಂದ್ರು ನೀನೊಬ್ಳೇನಾ ದೇಕವ್ವ? ಹಳೇದು" ಅಂದ. ಪ್ರತಿ ಸಲವೂ ಅವಳು ಹೋಗಿ, ಬಿಸಿಲಲ್ಲಿ ದಣಿದು, ಸಂಜೆಗೆ ಬರುವಳು. ಕೂಸು ಪ್ರತಿ ಸಲ ಇನ್ನಷ್ಟು ಹಗುರವಾಗಿರುತ್ತಿತ್ತು.

ಹಾಗಿರುವಾಗ ಒಂದು ಬೆಳಗ್ಗೆ ಪಕ್ಕದ ಬೀದಿಯ ಸಾಂತವ್ವ ಸುಣ್ಣ ಕೇಳಿಕೊಂಡು ಬಂದಳು. ಅವಳ ಮಗ ಹಿಂದಿನ ದಿನ ತೀರಿಕೊಂಡಿದ್ದ. ನಮ್ಮಲ್ಲಿ ಸತ್ತವರನ್ನು ಮನೆಯ ನೆಲದ ಕೆಳಗೇ ಮಣ್ಣು ಮಾಡಿ, ಮೇಲೆ ಗಾರೆ ಬಳಿದು, ಅದರ ಮೇಲೇ ಚಾಪೆ ಹಾಸಿ ಮಲಗುತ್ತೇವೆ. ಸುಣ್ಣವನ್ನು ಎಲೆಯಲ್ಲಿ ಕಟ್ಟಿ ಕೊಡುತ್ತಾ ನಾನು ಸುಮ್ಮನಿರಲಾರದೆ, "ಇನ್ನು ನೀನಾದ್ರೂ ಎಲ್ಲಾದ್ರೂ ಹೋಗಬಾರ್ದಾ ಸಾಂತವ್ವ?" ಅಂದೆ.

ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. "ಎಲ್ಲಿಗೆ ಹೋಗ್ಲಿ? ಅವ್ನು ಇಲ್ಲೇ ಮಲ್ಗವ್ನೆ."

ಅವಳು ಹೋದ ಮೇಲೆ ನನ್ನ ಕೈ ರುಬ್ಬುವ ಕಲ್ಲಿನ ಮೇಲೆ ನಿಂತೇ ಹೋಯಿತು. ಊರಲ್ಲಿ ಎಷ್ಟು ಕೂಸುಗಳು ಸತ್ತಿದ್ದವು! ಮನೆಗೊಂದು ಅಂದರೂ ತಪ್ಪಿಲ್ಲ. ಆದರೆ ನನ್ನ ಕೂಸು ಸತ್ತಿತು, ಹೋಗ್ತೀನಿ ಎಂದು ಒಬ್ಬರಾದರೂ ಬಾಗಿಲಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಸತ್ತವರ ತಾಯಂದಿರು ಆ ನೆಲ ಬಿಟ್ಟು ಏಳುವವರಲ್ಲ. ಸುಳ್ಳು ಹೇಳಿ ಹೋದ ದೊಡ್ಡವರಿಗೂ, ಗಿಣಿಯನ್ನು ಕೂಸು ಅಂದ ಕಲಿಸೆಟ್ಟಿಗೂ, ಆ ಮಾತು ಆಡಲು ಮಾತ್ರ ನಾಲಿಗೆ ಹೊರಳಿರಲಿಲ್ಲ. ಇಡೀ ಊರಲ್ಲಿ ಮುಟ್ಟದೆ ಉಳಿದ ಕಾರಣ ಅದೊಂದೇ.

ಹೇಳಬಾರದಿತ್ತೇನೋ. ಹೇಳಿದೆ. ಮಾಳಿ ಕೂಸಿಗೆ ಗಂಜಿ ಕುಡಿಸುತ್ತಿದ್ದಳು. ಕೇಳಿದವಳೇ ಬಟ್ಟಲನ್ನು ಗೋಡೆಗೆ ಬಡಿದಳು.

"ನಿನ್ ಬಾಯಿಗೆ ಹುಳ ಬೀಳ! ಉಸಿರಾಡೋ ಕೂಸಿನ ಮುಂದೆ ಎಂಥಾ ಮಾತಾಡ್ತೀಯ!"

"ಬರೀ ಮಾತು ಕಣೇ. ಬಾಗಿಲೇನು ನಿಜವಾ ಸುಳ್ಳಾ ಅಂತ ನೋಡ್ತದಾ?"

"ಬಾಗಿಲು ನೋಡ್ದಿದ್ರೆ ಅಸ್ತು ಅನ್ನೋ ದ್ಯಾವ್ರು ಕಿವುಡಾಗವ್ರಾ? ಅಂದುಬುಟ್ರೆ ಏನವ್ವ ಮಾಡ್ಲಿ ನಾನು?"

ಅಸ್ತು ಅನ್ನುವ ದೇವರುಗಳಿಗೆ ನಾನೂ ಹುಟ್ಟಿದಾಗಿನಿಂದ ಹೆದರಿಕೊಂಡೇ ಬಂದವಳು. ಆದರೂ ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಹೇಳಿದೆ, ನೀರು ಸೋಸುವಾಗ ಹೇಳಿದೆ, ಅವಳ ತಲೆಗೆ ಎಣ್ಣೆ ಹಚ್ಚುವಾಗ ಹೇಳಿದೆ. ಬೇರೆ ಯಾರಿಗಾದರೂ ಹೊಳೆದು ಮುಂಚೆ ಹೇಳಿಬಿಟ್ಟರೆ ಎಂಬ ಭಯ ನನಗೆ. ಯಾರಾದರೂ ಗಂಟು ಹೊತ್ತು ಬಾಗಿಲಿಗೆ ಬಂದರೆ ರೊಟ್ಟಿ ಬಿಟ್ಟು ಅವರ ಮಾತಿಗೇ ಕಿವಿ ಕೊಡುತ್ತಿದ್ದೆ. ಮಾಳಿ ನನ್ನ ಜೊತೆ ಮಾತು ಬಿಟ್ಟಳು. ನಾನು ಇಟ್ಟ ರೊಟ್ಟಿ ಮುಟ್ಟದಾದಳು.

ಆಮೇಲೆ ಕೂಸು ಅಳುವುದನ್ನೂ ಬಿಟ್ಟಿತು. ಅತ್ತರೆ ತಾಯಿಗೆ ಧೈರ್ಯ, ಸುಮ್ಮನಾದರೆ ಎಲ್ಲಿಯ ಧೈರ್ಯ? ಆ ಬೆಳಗ್ಗೆ ಮಾಳಿ ತಾನಾಗಿಯೇ ನನ್ನ ಒಲೆಯ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಗಿದ್ದವು.

"ಬುತ್ತಿ ಕಟ್ಟವ್ವ" ಅಂದಳು.

ಕಟ್ಟುತ್ತಿದ್ದಾಗ ನನ್ನ ಕಡೆ ನೋಡದೆಯೇ ಅಂದಳು, "ನಿನ್ನೂ ಹೊತ್ಕೊಂಡ್ ಹೋಗ್ತೀನಿ. ಹೊತ್ತಿದ್ದು ಜೊತೇಲಿ ಹೋಯ್ತದಲ್ಲ."

ಅವಳ ಮೈಯಲ್ಲಿ ಮೂಳೆ ಚರ್ಮ ಬಿಟ್ಟರೆ ಏನಿತ್ತು? ಕೂಸು, ಸೋರೆಬುರುಡೆ, ಬುತ್ತಿ ಹೊರುವುದೇ ಹೆಚ್ಚು. "ನನ್ನ ಹೊತ್ತು ಮೇಲೂರಿನ ತಂಕ ಹೋದ್ರೆ ನಿನ್ನನ್ನ ಹೊರೋರು ಯಾರು? ನಡಿ ನಡಿ" ಎಂದು ನಕ್ಕೆ. ನಗಬೇಕಾಗಿತ್ತು, ನಕ್ಕೆ.

ಬಾಗಿಲಲ್ಲಿ ನಿಂತು ಮಾಳಿ ಬಾಯಿ ತೆರೆದಳು. ಮಾತು ಬರಲಿಲ್ಲ. ಬೊಪ್ಪಣ್ಣ ಕಾದ. ಅವಳು ಕೂಸನ್ನು ಬೆನ್ನಿನಿಂದ ಇಳಿಸಿ ಎದೆಗೆ ಕಟ್ಟಿಕೊಂಡು, ಸೆರಗಿನಿಂದ ಅದರ ಕಿವಿ ಮುಚ್ಚಿದಳು. ಮತ್ತೆ ತೆರೆದಳು, ಮತ್ತೆ ಇಲ್ಲ. ಹೋಗುವವರ ಬಾಯಿಂದಲೇ ಬರಬೇಕು, ಇಲ್ಲದಿದ್ದರೆ ನಾನೇ ಹೇಳಿ ಆ ಪಾಪ ಹೊತ್ತುಕೊಳ್ಳುತ್ತಿದ್ದೆ.

"ಹೇಳು ಮಾಳಿ" ಅಂದೆ. ಅವಳು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಮರೆಯುವುದಕ್ಕೆ ನಾನು ಇನ್ನೊಂದು ಜನ್ಮ ಎತ್ತಿ ಬರಬೇಕು.

"ನನ್ ಕೂಸು ಸತ್ತೋಯ್ತು" ಅಂದಳು. "ಹೋಗ್ತೀನಿ."

ಬೊಪ್ಪಣ್ಣ ಕಣ್ಣು ಮುಚ್ಚಿದ. ಸೆರಗಿನ ಸಂದಿಯಿಂದ ಕೂಸಿನ ಕೈ ಹೊರಗೆ ಬಂದು ಮಾಳಿಯ ಕೊರಳ ಮಣಿಸರವನ್ನು ಹಿಡಿದುಕೊಂಡಿತ್ತು. ಅದು ಅವನಿಗೆ ಕಾಣಿಸಿತೋ ಇಲ್ಲವೋ. ಕಣ್ಣು ತೆರೆಯದೆಯೇ, "ಹೊಸದು" ಅಂದ.

ಮಾಳಿ ನನ್ನ ಕಾಲು ಮುಟ್ಟಲಿಲ್ಲ, ಹಿಂದಿರುಗಿ ನೋಡಲೂ ಇಲ್ಲ. ನಾನು ಇಡೀ ಹಗಲು ಬಿಳಿದಾರಿಯ ಕಡೆ ಮುಖ ಮಾಡಿ ಕೂತೆ. ಒಲೆ ಹಚ್ಚಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ದೂರದಲ್ಲಿ ಒಂದೊಂದು ನೆರಳು ಕಂಡಾಗಲೂ ಎದ್ದು ನಿಂತು, ಅವಳಲ್ಲ ಎಂದು ಗೊತ್ತಾದ ಮೇಲೇ ಕೂತೆ. ಹಡೆದ ಮಗಳ ಮುಖ ಇನ್ನೆಂದೂ ಕಾಣದಿರಲಿ ಎಂದು ದೇವರಲ್ಲಿ ಮೊರೆಯಿಟ್ಟ ತಾಯಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಸೌದೆಯವರು ಬಂದರು. ಹಳೆಯ ಕಾರಣ ಹೇಳಿದ್ದ ಮುದುಕನೊಬ್ಬ ಬಂದ. ಕತ್ತಲಾಯಿತು.

"ಬರಲ್ಲ ಬುಡು. ಎದ್ದು ರೊಟ್ಟಿ ಮಾಡು. ನಿನ್ ಕಲ್ಲಿಲ್ದೆ ನನ್ ಹೊಟ್ಟೆ ಹಾರೋಯ್ತಾ ಐತೆ" ಅಂದ ಬೊಪ್ಪಣ್ಣ.

ಊರು ನನ್ನನ್ನು ಬಿಡಲಿಲ್ಲ. ಉಳಿದದ್ದು ಬೆರಳೆಣಿಕೆಯ ಮನೆಗಳು, ಬಾಯಿ ಮಾತ್ರ ಊರಗಲ. ಮಗಳ ಬಾಯಲ್ಲಿ ಎಂಥ ಮಾತು ಆಡಿಸಿದಳು ನೋಡಿ, ಎಂದರು. ಸಾಂತವ್ವ ನನ್ನ ಒಲೆಯ ಕಡೆ ಬರುವುದನ್ನೇ ಬಿಟ್ಟಳು. ಬೊಪ್ಪಣ್ಣ ಮಾತ್ರ ಎಂದಿನಂತೆ. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು, "ದೇಕವ್ವ, ನಿನ್ತಾವ ಒಂದು ಐತೆ, ಗೊತ್ತಾ?" ಅಂದ.

"ಏನು?"

"ಕಾರಣ. ಮಗಳ ಬಾಯಲ್ಲಿ ನಾನು ಇಟ್ಟ ಮಾತು ನಿಜ ಆಯ್ತಾ ಸುಳ್ಳಾಯ್ತಾ, ತಿಳ್ಕೋಬೇಕು, ಹೋಗ್ತೀನಿ, ಅನ್ನು. ಯಾರಪ್ಪನಾಣೆಗೂ ಯಾರೂ ಹೇಳಿಲ್ಲ. ಎದ್ದು ಹೋಗು. ನಂಗೆ ಮಿಕ್ಕಿರೋ ನಾಕು ಹಲ್ಲಾದ್ರೂ ಉಳೀತವೆ."

ನಿಜವೇ. ಅಂಥ ಕಾರಣ ಇನ್ಯಾರ ಬಳಿ ಇರಲು ಸಾಧ್ಯ? ಊರೆಲ್ಲ ಹುಡುಕಿ ಸಾಯುತ್ತಿದ್ದುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಂದಿನಿಂದ ದಿನಾ ಬೆಳಗ್ಗೆ ಹೊರಡೋಣ ಅಂದುಕೊಳ್ಳುವೆ. ಜೋಳ ನೆನೆಸಿಟ್ಟಿದ್ದೇನೆ, ಅದು ಮುಗಿಯಲಿ. ಮಂಡಿ ನೋವು, ಅದು ತಗ್ಗಲಿ. ಬಿಸಿಲು, ಇಳಿಯಲಿ. ಸುಳ್ಳು, ಎಲ್ಲ ಸುಳ್ಳು. ಹೋಗಲು ನನಗೆ ಹೆದರಿಕೆ. ಹೋದರೆ ಗೊತ್ತಾಗುತ್ತದೆ. ಇಲ್ಲಿ ಈ ಒಲೆಯ ಮುಂದೆ ಕೂತಿರುವ ತನಕ ಕೂಸು ಮೇಲೂರಿನಲ್ಲಿ ಒರತೆಯ ನೀರು ಕುಡಿದು ಮೈ ತುಂಬಿಕೊಳ್ಳುತ್ತಿತ್ತು. ತೆವಳಿತು. ಗೋಡೆ ಹಿಡಿದು ನಿಂತಿತು. ಮಾಳಿ ಅದಕ್ಕೊಂದು ಹೆಸರೂ ಇಟ್ಟಿರುತ್ತಾಳೆ, ಮೇಲೂರಿನಲ್ಲಿ ಕೆರೆ ತುಂಬುವ ತನಕ ಕಾಯಬೇಕಿಲ್ಲವಲ್ಲ. ಆ ಹೆಸರು ಏನಿರಬಹುದು ಎಂದು ರೊಟ್ಟಿ ಬಡಿಯುತ್ತಾ ಯೋಚಿಸುವುದೇ ನನಗೆ ಸುಖ.

ಊರು ಮುಗಿಯುತ್ತಾ ಬಂತು. ದೊರೆಯೂ ಏನೋ ಕಾರಣ ಹೇಳಿ ಹೋದ. ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ ನನಗೆ ಕೇಳಿಸಲೇ ಇಲ್ಲ. ಚೆಂಡಿನ ಅಂಗಳದಲ್ಲಿ ಅತ್ತಿಯ ಗಿಡ ಎದ್ದಿತು. ಮೆಟ್ಟಿಲುಗುಡಿಯ ಗಾರೆ ಕಳಚಿ ಕಳಚಿ ಬೀಳುವ ಸದ್ದು ಮಧ್ಯಾಹ್ನದಲ್ಲಿ ನನ್ನ ಒಲೆಯ ತನಕ ಕೇಳಿಸುವುದು.

ಬಹಳ ಕಾಲದ ಮೇಲೆ ಒಬ್ಬ ಉಪ್ಪು ಮಾರುವವನು ಬಂದ. ಹೊರಗಿನವರಿಗೆ ನಮ್ಮ ಬಾಗಿಲಿನ ತೊಡಕಿಲ್ಲ, ನಮ್ಮ ನೀರು ಕುಡಿಯದಿದ್ದರಾಯಿತು. ತನ್ನ ಬುರುಡೆಯ ನೀರನ್ನೇ ಕುಡಿದು, ಬೊಪ್ಪಣ್ಣನ ಪಕ್ಕದಲ್ಲಿ ಕೂತು, ನಾನು ಕೊಟ್ಟ ರೊಟ್ಟಿ ತಿಂದ. ಅದನ್ನು ತಿರುವಿ ನೋಡಿ, "ಇದೇನವ್ವ, ನಡುಮಧ್ಯ ಹೆಬ್ಬೆಟ್ಟು ಒತ್ತಿದ್ದೀರಿ? ಮೇಲೂರಾಗೆ ಒಬ್ಬವ್ವ ಹಿಂಗೇ ಒತ್ತಾಳೆ. ಇಲ್ಲಿಂದ ಬಂದೋಳಂತೆ" ಅಂದ.

ಹಾಗೆ ಒತ್ತುವುದನ್ನು ನನಗೆ ನನ್ನ ಅವ್ವ ಕಲಿಸಿದಳು, ಮಾಳಿಗೆ ನಾನು ಕಲಿಸಿದೆ. ಮಗಳು ಬದುಕಿದ್ದಾಳೆ. ಆ ಸಂತೋಷ ಎದೆಯಿಂದ ಬಾಯಿಗೆ ಬರುವುದರೊಳಗೆ ಅವನು ರೊಟ್ಟಿ ಅಗಿಯುತ್ತಾ, "ಪಾಪ, ಆವಮ್ಮನ ಕೂಸು..." ಎಂದು ಶುರು ಮಾಡಿದ.

ನಾನು ಕಿವಿ ಮುಚ್ಚಿಕೊಂಡು ಎದ್ದು ಓಡಿದೆ. ರುಬ್ಬುವ ಕಲ್ಲಿನ ಮುಂದೆ ಕುಕ್ಕರಿಸಿ, ಜೋಳವಿದೆಯೋ ಇಲ್ಲವೋ ನೋಡದೆ ಗರಗರ ಎಳೆದೆ. ಬಾಯಿಗೆ ಬಂದ ಹಾಡನ್ನು ಗಟ್ಟಿಯಾಗಿ ಒದರಿದೆ. ಪಾಪ ಅನ್ನುವ ಮಾತು ಎಲ್ಲದಕ್ಕೂ ಅನ್ನುತ್ತಾರೆ, ನಡೆಯಲು ಕಲಿಯುವಾಗ ಬಿದ್ದ ಕೂಸಿಗೂ ಪಾಪ ಅನ್ನುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಲ್ಲಿನ ಸದ್ದಿನಾಚೆ ಉಪ್ಪಿನವನ ತುಟಿ ಆಡುತ್ತಿತ್ತು. ಬೊಪ್ಪಣ್ಣ ಕೇಳುತ್ತಿದ್ದ. ಕೇಳುವುದೇ ಅವನ ಕೆಲಸ. ಮಾತು ಮುಗಿದ ಮೇಲೆ ಅವನು ನೆಲ ನೋಡಿದ. ಉಪ್ಪಿನವನು ಗಂಟು ಹೊತ್ತು ಹೊರಟು ಹೋದ ಮೇಲೂ ನಾನು ಬರಿಗಲ್ಲನ್ನು ಎಳೆಯುತ್ತಲೇ ಇದ್ದೆ.

ಆ ಸಂಜೆ ಬೊಪ್ಪಣ್ಣ ಒಂದೇ ಸಲ, "ದೇಕವ್ವ, ಹೇಳ್ಲಾ?" ಎಂದು ಕೇಳಿದ.

"ರೊಟ್ಟಿ ಆರೋಗ್ತದೆ, ತಿನ್ನು" ಅಂದೆ.

ಅವನು ಹೇಳಲಿಲ್ಲ. ಆದರೆ ಮಾರನೆಯ ಬೆಳಗ್ಗೆ ನಾನು ಏಳುವುದರೊಳಗೆ ಸೌದೆ ಒಡೆದು ಒಲೆಯ ಪಕ್ಕದಲ್ಲಿ ಜೋಡಿಸಿದ್ದ. ಮೊಣಕಾಲು ಹಿಡಿದುಕೊಂಡು ಕೆರೆಗೆ ಹೋಗಿ ನನ್ನ ಪಾಲಿನ ನೀರನ್ನೂ ತಂದ. ನಾನು ಬೈದರೆ ತಿರುಗಿ ಬೈಯುವುದಿಲ್ಲ. ಬುತ್ತಿ ಕಟ್ಟಿಕೊಂಡು ಮೇಲೂರಿಗೆ ಹೋಗು ಎಂದೂ ಅನ್ನುವುದಿಲ್ಲ. ನಾನೂ ಹೋಗುವ ಮಾತು ಬಿಟ್ಟಿದ್ದೇನೆ. ಹೇಳಿದರೆ ಬಾಗಿಲು ಬಿಟ್ಟೀತು. ಮಾಳಿಯ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಆದರೂ ಜೀವ ಕೇಳುವುದಿಲ್ಲ, ಬೊಪ್ಪಣ್ಣ ಮೊದಲಿನಂತೆ ಬೈದರೆ ಕೂಸು ಉಳಿದಿದೆ ಎಂದೇ ಅರ್ಥ ಎಂದು ಎಲ್ಲೋ ಒಂದು ಆಸೆ. ನಿನ್ನೆ ಬೇಕೆಂದೇ ಒಂದು ರೊಟ್ಟಿಯನ್ನು ಹೆಂಚಿನ ಮೇಲೆ ಕಪ್ಪಗಾಗುವ ತನಕ ಬಿಟ್ಟೆ. ಉಪ್ಪನ್ನೂ ಎರಡು ಪಾಲು ಸುರಿದಿದ್ದೆ. ಅದನ್ನು ಅವನ ಮುಂದಿಟ್ಟು ಎದುರಿಗೇ ಕೂತೆ. ಬೈಯಲಿ, ಗೋಡೆಗೆ ಎಸೆಯಲಿ, ನನ್ನ ಅವ್ವನನ್ನೂ ಸೇರಿಸಿ ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೊಪ್ಪಣ್ಣ ಚೂರು ಚೂರಾಗಿ ಮುರಿದು, ಕರಕಲನ್ನೂ ಬಿಡದೆ, ನಿಧಾನವಾಗಿ ಅಗಿದು ನುಂಗಿದ. ತಲೆ ಎತ್ತಲಿಲ್ಲ.

"ಚೆನ್ನಾಗೈತೆ ಕಣವ್ವ" ಅಂದ.